ಸೇಫ್ಟಿಪಿನ್ ಷಡಕ್ಷರಿ

ನಮ್ಮ ದಟ್ಟಗಳ್ಳಿಯ ಬೀದಿಯಲ್ಲಿ ಯಾರ ಮನೆಯ ಒಲೆ ಹೊತ್ತಿದರೂ ಮೊದಲು ಬಿಸಿಯಾಗುವವರು ಷಡಕ್ಷರಿಯವರು. ಬೇರೆ ನಿವೃತ್ತ ಗುಮಾಸ್ತರ ಜೇಬಿನಲ್ಲಿ ಪೆನ್ನು, ಇವರ ಜೇಬಿನಲ್ಲಿ ಪಿನ್ನು. ಗೊಜ್ಜಿಗೆ ಬದನೆಕಾಯಿ ಸುಡುವ ವಾಸನೆ ಬಂದರೆ ಸಾಕು, ಚಪ್ಪಲಿಯನ್ನೂ ಮರೆತು ಓಡಿಬಂದು, "ತೂತು ಮಾಡಿದ್ರೇನಮ್ಮಾ?" ಎಂದು ಬಾಗಿಲಲ್ಲೇ ಕೂಗುತ್ತಾರೆ. "ಒಳಗಿರೋ ನೀರು ಆವಿಯಾದ್ರೆ ಸಾವಿರಪಟ್ಟು ಜಾಗ ಕೇಳುತ್ತೆ ಕಣ್ರೀ! ಪಾಪ, ಸಿಪ್ಪೆ ಎಲ್ಲಿಂದ ಕೊಡುತ್ತೆ? ಢಮಾರ್!" ಆ ಢಮಾರಿಗೇ ನಮ್ಮ ಬೆಕ್ಕು ಎರಡು ಸಲ ಕಾಂಪೌಂಡ್ ಹಾರಿದೆ. ಬಿಸಿಗಿಟ್ಟ ಡಬ್ಬಿ ಕಂಡರೆ ಯಾರನ್ನೂ ಕೇಳದೆ ಮುಚ್ಚಳ ಸಡಿಲಿಸುತ್ತಾರೆ. ತಾವು ಮೊಟ್ಟೆ ಮುಟ್ಟದಿದ್ದರೂ, ಅದನ್ನು ಮೈಕ್ರೋವೇವ್ ಓವನ್ನಿಗೆ ಇಡಲೇಬೇಡಿ ಎಂದು ಮನೆಮನೆಗೂ ಸಾರಿದ್ದಾರೆ. ಆವಿಗೆ ಮಡಿಮೈಲಿಗೆ ಇಲ್ಲವಂತೆ. ಮೊನ್ನೆ ಎದುರುಮನೆಯ ನಯನಾ ಹಿತ್ತಲಿನ ನೀರೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡಲು ಹೊರಟಾಗ, ಅವಳ ಏಳು ವರ್ಷದ ಮಗಳು ಆಸೆಯಿಂದ ಕೆಂಡದ ಮೇಲೇ ಬಗ್ಗಿದ್ದಳು. ಷಡಕ್ಷರಿ ಹಾರಿಬಂದವರೇ ಮಗುವನ್ನು ಎತ್ತಿ ದೂರ ಕೂರಿಸಿ, ಒಂದೊಂದು ಬೀಜವನ್ನೂ ಚುಚ್ಚಿ ಚುಚ್ಚಿ ಕೆಂಡಕ್ಕೆ ಹಾಕಿದರು. ಒಂದೂ ಸಿಡಿಯಲಿಲ್ಲ. ಹುಡುಗಿ ಸಂಭ್ರಮದಿಂದ ಮೊದಲ ಬೀಜ ಸುಲಿದು ಅವರ ಎಡಕ್ಕೆ ನಿಂತು ಚಾಚಿದಳು. ಅವರು ನೋಡಲೇ ಇಲ್ಲ. "ತಾತಾ, ಇಲ್ಲೇ ಹಿಡ್ಕೊಂಡಿದೀನಲ್ಲ!" ಎಂದಾಗ ಕತ್ತನ್ನು ಪೂರ್ತಿ ತಿರುಗಿಸಿ, ಬಲಗಣ್ಣಿಗೆ ಅವಳ ಕೈ ಕಂಡ ಮೇಲೆ ತೆಗೆದುಕೊಂಡರು. "ನಿನ್ನಷ್ಟಿದ್ದಾಗ ನಾನೂ ಹಿಂಗೇ ಬಗ್ಗಿ ನೋಡ್ಬುಟ್ಟೆ ಕಣಮ್ಮ, ಅವತ್ತು ಬೀಜಕ್ಕೆ ತೂತಿರ್ಲಿಲ್ಲ," ಎಂದು ಬೀಜವನ್ನು ಬಾಯಿಗೆ ಹಾಕಿಕೊಂಡು, "ಆಹಾ! ಇನ್ನೊಂದು ಕೊಡು!" ಎಂದರು.