ಓರೆ ತಲೆಯ ಗೊಂಬೆ

ತನಾಗ್ರ ಎಂಬ ಊರಿನ ನಿಕಾರೆತಾ ಗೊಂಬೆಗಳಿಗೆ ಬಣ್ಣ ಹಚ್ಚುವವಳು. ಆವಿಗೆಯಲ್ಲಿ ಸುಟ್ಟು ಬಂದ ಮಣ್ಣಿನ ಹೆಂಗಸರಿಗೆ ಬಿಳುಪು ಬಳಿದು, ಹೊದಿಕೆಗೆ ಗುಲಾಬಿ, ಅಂಚಿಗೆ ನೀಲಿ, ತುಟಿಗೆ ಚೂರು ಕೆಂಪು ಇಡುವಳು. ಯಾರನ್ನೂ ಸುಲಭವಾಗಿ ನಂಬುವವಳಲ್ಲ. ಅಚ್ಚಿನ ಪೆಟ್ಟಿಗೆಯ ಬೀಗದ ಕೈಯನ್ನು ಅಚ್ಚೊತ್ತುವ ಮುದುಕ ಫೀಥೋನನಿಗೆ ಬಿಟ್ಟರೆ ಇನ್ನಾರಿಗೂ ಕೊಟ್ಟವಳಲ್ಲ.

ಅಂಥವಳಿಗೆ ಸಂತೆಯಲ್ಲಿ, ನಾದಿನಿಯ ಗಂಡ ದೋರ್ಕೋನನ ಅಂಗಡಿಯಲ್ಲಿ, ತನ್ನದೇ ಗೊಂಬೆ ಕಂಡಿತು. ಅದೇ ಮುಸುಕು, ಅದೇ ಬೀಸಣಿಗೆ. ಒಂದನ್ನು ಕೊಂಡು ತಂದು ಫೀಥೋನನ ಮುಂದೆ ಇಟ್ಟಳು.

"ನಮ್ಮ ಅಚ್ಚನ್ನ ದೋರ್ಕೋನನಿಗೆ ಯಾವತ್ತು ಕೊಟ್ಟೆ, ಅಜ್ಜ?"

"ನಾನಾ? ಕದಿಯೋಕೂ ಕೈ ನಡುಗಬಾರದು ತಾಯಿ. ನನ್ನ ಕೈ ನೋಡು."

"ನಗಿಸಬೇಡ. ಬೀಗದ ಕೈ ಇಲ್ಲಿಟ್ಟು ಹೋಗು. ನಾಳೆಯಿಂದ ಬರಬೇಡ."

ಮುದುಕ ಬೀಗದ ಕೈ ಇಟ್ಟು ಹೋದ.

ಅನುಮಾನ ಗಟ್ಟಿಮಾಡಿಕೊಳ್ಳಲೆಂದು ಅವಳು ಆ ಗೊಂಬೆಯನ್ನು ತನ್ನ ಗೊಂಬೆಗಳ ಸಾಲಿನಲ್ಲಿ ನಿಲ್ಲಿಸಿದಳು. ಅದು ಒಂದು ಬೆರಳು ಕುಳ್ಳಗಿತ್ತು. ಮಣ್ಣು ಒಣಗಿ ಸುಟ್ಟಾಗ ಕುಗ್ಗುತ್ತದೆ. ಸುಟ್ಟ ಗೊಂಬೆಯ ಮೇಲೆಯೇ ಅಚ್ಚು ತೆಗೆದರೆ ಅದರ ಮರಿ ಇನ್ನೂ ಚಿಕ್ಕದಾಗುತ್ತದೆ. ಹಾಗಾದರೆ ಅಚ್ಚು ಪೆಟ್ಟಿಗೆ ಬಿಟ್ಟು ಹೋಗಿಲ್ಲ. ದೋರ್ಕೋನನ ಕೈಗೆ ಸಿಕ್ಕಿದ್ದು ಒಂದು ಗೊಂಬೆ.

ಯಾವುದು?

ಆಗ ತಲೆ ಕಣ್ಣಿಗೆ ಬಿತ್ತು. ಅವಳು ತಲೆಗಳನ್ನು ಬೇರೆಯಾಗಿ ಮಾಡಿ ನೆಟ್ಟಗೆ ಅಂಟಿಸುತ್ತಿದ್ದಳು. ಇದರ ತಲೆ ಎಡಕ್ಕೆ ಓರೆಯಾಗಿತ್ತು. ಹಾಗೆ ಅಂಟಿಸಿದ್ದು ಒಂದೇ ಒಂದಕ್ಕೆ, ತೀರಿಕೊಂಡ ಮಗಳು ಮೆಲಿತ್ತಾಳ ಗೊಂಬೆಗೆ. ಕಥೆ ಕೇಳುವಾಗ ಮಗು ಹಾಗೆ ತಲೆ ವಾಲಿಸುತ್ತಿತ್ತು. ಆ ಗೊಂಬೆ ಮಗುವಿನ ಜೊತೆ ಸಮಾಧಿಯ ಮಣ್ಣಿನಲ್ಲಿರಬೇಕಿತ್ತು. ಮಗುವನ್ನು ಹೂಳಿದ ದಿನ ನಿಕಾರೆತಾ ಜ್ವರದಲ್ಲಿ ಮಲಗಿದ್ದಳು. ಗೊಂಬೆಯನ್ನು ಗುಂಡಿಯೊಳಗಿಟ್ಟು ಬಂದವನು ಗಂಡ ಇಸ್ಮೇನಿಯ.

ಅವನು ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ.

"ಮಗೂ ಪಕ್ಕ ಏನಿಟ್ಟೆ?"

"ಗೊಂಬೆ."

"ಯಾವ ಗೊಂಬೆ?"

ಅವನ ಕಾಲು ನಿಂತಿತು. "ಸಾಲಲ್ಲಿದ್ದ ಬೇರೇದು. ಆ ಓರೆ ತಲೇದನ್ನ ಮಣ್ಣಿಗೆ ಹಾಕೋಕೆ ಮನಸ್ಸು ಬರಲಿಲ್ಲ ಕಣೆ. ತಂಗಿ ಮನೇಲಿಟ್ಟೆ. ಆಗಾಗ ಹೋಗಿ ನೋಡ್ಕೊಂಡು ಬರ್ತೀನಿ. ದೋರ್ಕೋನ ಹಿಂಗೆ ಮಾಡ್ತಾನೆ ಅಂತ ಗೊತ್ತಿರಲಿಲ್ಲ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಗುಂಡಿ ತೆಗೆಸಿ ಇಡಿಸ್ತಿದ್ದೆ."

ಅದು ನಿಜವಾಗಿತ್ತು. ಅವಳು ಬೀದಿಗೆ ಓಡಿ ಫೀಥೋನನನ್ನು ಹಿಡಿದು ಬೀಗದ ಕೈಯನ್ನು ಅವನ ಅಂಗೈಗೆ ಒತ್ತಿದಳು.

"ಬೇಡ ಅಂದ್ಯಲ್ಲ ತಾಯಿ?"

"ಈಗ ಬಾ ಅಂತಿದೀನಿ. ತಪ್ಪು ನಂದು."

ಆಮೇಲೆ ಗಂಡ ಹೆಂಡತಿ ನಾದಿನಿಯ ಮನೆಗೆ ಹೋದಾಗ ಅವಳು ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ನಿಕಾರೆತಾ ಅಲ್ಲೇ ಬಿಚ್ಚಿ, ಬುಡ ತಿರುಗಿಸಿ, ತನ್ನ ಹೆಬ್ಬೆಟ್ಟಿನ ಗುರುತು ಕಂಡ ಮೇಲೆಯೇ ಎದೆಗೊತ್ತಿಕೊಂಡಳು. ಸಮಾಧಿಯ ದಾರಿಯಲ್ಲಿ ಗುದ್ದಲಿ ಹೊತ್ತು ಗಂಡ ಮುಂದೆ ನಡೆದ. ತಾನು ಹಿಡಿದುಕೊಳ್ಳಲೇ ಎಂದು ಒಮ್ಮೆ ಕೈ ಚಾಚಿದ. ಅವಳು ಕೊಡಲಿಲ್ಲ.