ಓನರ್ ಅಂಕಲ್ ದನಿಯಲ್ಲಿ ಕೇಳಿದ ಮಾತ್ರೆ

ನಾನೂ ನನ್ನ ಹೆಂಡತಿಯೂ ಧಾರವಾಡದ ಕಡೆಯವರು. ಬಿಟಿಎಂನಲ್ಲಿ ಮಹಡಿ ಮೇಲೊಂದು ಬಾಡಿಗೆ ಮನೆ. ಕೆಳಗೆ ಓನರ್ ಅಂಕಲ್, ಆಂಟಿ. ಅಂಕಲ್ ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವರ ದನಿಯಲ್ಲಿ ನಾನು "ಮೋಟ್ರು ಆಫ್ ಮಾಡ್ರಪ್ಪಾ" ಎಂದರೆ ಹೆಂಡತಿ ಈಗಲೂ ಎದ್ದು ಓಡುತ್ತಾಳೆ. ನನ್ನ ಸ್ವಂತ ದನಿಗೆ ಯಾರೂ ಕದಲುವುದಿಲ್ಲ.

ಒಂದು ಶನಿವಾರ ಕಾಂಡೋಮ್ ಹರಿಯಿತು. ಅವಳು ಹೊಸ ಕೆಲಸಕ್ಕೆ ಸೇರಿ ತಿಂಗಳಷ್ಟೇ ಆಗಿತ್ತು, ಮಗು ಸದ್ಯಕ್ಕೆ ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದೆವು. ಮಾರನೇ ಬೆಳಗ್ಗೆ, "ಬಸಿರು ನಿಲ್ಲದಂಗ ಒಂದು ಮಾತ್ರೆ ಐತಂತ, ಮೂರು ದಿನದಾಗ ನುಂಗಬೇಕಂತ, ಲಗೂನ ತಗೊಂಬಾ" ಎಂದು ನನ್ನನ್ನು ಮೆಡಿಕಲ್ ಶಾಪಿಗೆ ಅಟ್ಟಿದಳು.

ಅಂಗಡಿಯಲ್ಲಿ ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಬಾಯಿಗೆ ಬಂದದ್ದನ್ನು ಕೇಳಿ, ಕೆಮ್ಮಿನ ಮಾತ್ರೆ ತೆಗೆದುಕೊಂಡು ಬಂದೆ.

"ಕೆಮ್ಮು ಯಾರಿಗೈತೋ? ಬಿಡು, ನಾನ ಹೋಗ್ತೀನಿ."

"ಬ್ಯಾಡ, ಫೋನ್ ಮಾಡ್ತೀನಿ ತಡಿ" ಎಂದೆ. ಮಾಡಿದೆ. ಆದರೆ ನನ್ನ ದನಿಯಲ್ಲಲ್ಲ. ಗಂಟಲು ಸರಿಮಾಡಿಕೊಂಡು, "ಏನಪ್ಪಾ, ಆ ಎಪ್ಪತ್ತೆರಡು ಗಂಟೆ ಮಾತ್ರೆ ಇದ್ಯಾ? ಒಂದು ತೆಗ್ದಿಡು. ಮೇಲ್ಗಡೆ ಮನೆಯವ್ನು ಬರ್ತಾನೆ."

ಅಂಗಡಿಯವನು ನಂಬಿಬಿಟ್ಟ. "ಇದೆ ಅಂಕಲ್. ಅವರ್‍ಯಾಕೆ? ನಿಮ್ಮ ಬಿಪಿ ಮಾತ್ರೆ ಹೆಂಗೂ ತರ್ತಾ ಇದೀನಿ, ಅದ್ರ ಜೊತೆಗೇ ಕೊಡ್ತೀನಿ." ಫೋನ್ ಇಟ್ಟುಬಿಟ್ಟ.

ಅವರ ಬಿಪಿ ಮಾತ್ರೆ ಪ್ರತಿ ತಿಂಗಳು ಮನೆಗೇ ಬರುತ್ತದೆಂಬುದು ನನಗೆ ತಿಳಿದಿರಲಿಲ್ಲ. ತಡೆಯೋಣವೆಂದು ಮತ್ತೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಕೊನೆಗೆ ಮೆಟ್ಟಿಲಿಳಿದು ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅಂಗಡಿಯವನ ಸ್ಕೂಟರ್ ತಿರುಗಿ ಹೊರಟಿತ್ತು. ಆಂಟಿ ಕವರ್ ಬಿಚ್ಚಿ ನಿಂತಿದ್ದರು.

"ಅಂಕಲ್ ಫೋನ್ ಮಾಡಿ ಕೇಳಿದ್ರು ಅಂತ ಕೊಟ್ಟೋದ. ನಮ್ಮೆಜಮಾನ್ರು ಪಾರ್ಕಲ್ಲಿದಾರೆ, ಅವ್ರ ಫೋನು ಇಲ್ಲೇ ಚಾರ್ಜಿಗಿದೆ. ಇದನ್ನ ಕೇಳಿದ್ಯಾರೋ?"

"ಆಂಟಿ, ಅದು..."

"ನಡಿ ಮೇಲೆ."

ಇನ್ನು ಮನೆ ಖಾಲಿ ಮಾಡಬೇಕಾಗುತ್ತದೆಂದುಕೊಂಡೆ. ಆಂಟಿ ನನ್ನನ್ನು ಪಕ್ಕಕ್ಕೆ ಸರಿಸಿ ನೇರ ಹೆಂಡತಿಯ ಬಳಿ ಕೂತರು. ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರು ಅವರೆಂದು ಅವತ್ತೇ ಗೊತ್ತಾದದ್ದು.

"ಯಾವಾಗಮ್ಮ ಆಗಿದ್ದು?"

"ನಿನ್ನೆ ರಾತ್ರಿ, ಆಂಟಿ."

"ಹಂಗಾದ್ರೆ ಈಗ್ಲೇ ನುಂಗು, ಬೇಗ ಆದಷ್ಟೂ ಒಳ್ಳೇದು. ಎರಡು-ಮೂರು ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ತಗೋಬೇಕು. ಮುಟ್ಟು ವಾರದ ಮೇಲೆ ತಡ ಆದ್ರೆ ಟೆಸ್ಟ್ ಮಾಡ್ಕೋ. ಐದು ದಿನದೊಳಗೆ ಕಾಪರ್-ಟಿನೂ ಹಾಕ್ತಾರೆ, ಅದು ಇನ್ನೂ ಗಟ್ಟಿ, ಆಮೇಲೂ ವರ್ಷಗಟ್ಟಲೆ ಕೆಲ್ಸಕ್ಕೆ ಬರುತ್ತೆ." ನನ್ನ ಕಡೆ ತಿರುಗಿದರು. "ಈ ಮಾತ್ರೆಗೆ ಡಾಕ್ಟ್ರ ಚೀಟಿನೂ ಬೇಡ ಕಣೋ. ಬಾಯಿ ಬಿಟ್ಟು ಕೇಳಿದ್ರೆ ಸಾಕು."

"ಅವಂಗ ಊರ ಮಂದಿ ಬಾಯಿ ಎಲ್ಲಾ ಬರ್ತಾವ್ರಿ, ತನ್ನದೊಂದ ಬರಂಗಿಲ್ಲ" ಎಂದಳು ಹೆಂಡತಿ. ಆಂಟಿ ನಕ್ಕರು, ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ಅವಳು ಮಾತ್ರೆ ನುಂಗಿ ಅರ್ಧ ಲೋಟ ನೀರು ಕುಡಿದಳು.

ಮುಂದಿನ ದಿನಗಳಲ್ಲಿ ಇಬ್ಬರೂ ಕ್ಯಾಲೆಂಡರ್ ನೋಡದವರಂತೆ ನಟಿಸಿದೆವು. ಮುಟ್ಟು ಮೂರು ದಿನ ತಡವಾಗಿ, ನಾನು ಉಪ್ಪಿಟ್ಟು ಕಲಕುತ್ತಿದ್ದ ಬೆಳಗ್ಗೆ ಬಂತು. ಬಚ್ಚಲಿನಿಂದಲೇ ಕೂಗಿ ಹೇಳಿದಳು. ಉಪ್ಪಿಟ್ಟು ತಳ ಹಿಡಿಯಿತು. ಅದನ್ನೇ ಹೊಟ್ಟೆ ತುಂಬಾ ತಿಂದು, ಕಾಪರ್-ಟಿ ಹಾಕಿಸಲು ಯಾವ ಆಸ್ಪತ್ರೆ ಒಳ್ಳೆಯದೆಂದು ಕೇಳಲು ಅವಳು ಆಂಟಿಯ ಮನೆಗೆ ಇಳಿದು ಹೋದಳು.