ಮೂವತ್ತು ವರ್ಕ್‌ಶಾಪ್, ಒಂದು ಕೈಗಾಡಿ

ಬೆಳಗಿನ ಆರು ಗಂಟೆ. ಮುಂಬೈಯ ಕುರ್ಲಾದಲ್ಲಿ ಎರಕದ ಭಟ್ಟಿಯ ಮುಂದೆ ಇಂದ್ರಾಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು ಕೈಗಾಡಿಗೆ ಮೂಟೆ ಹೇರುತ್ತಿದ್ದಾರೆ. ಮೂಟೆಯೊಳಗೆ ಹಿತ್ತಾಳೆಯ ನಲ್ಲಿಗಳು. ನಿನ್ನೆ ಎರಕ ಹೊಯ್ದವು, ಇನ್ನೂ ಒರಟು. ಇವು ಲೇತ್ ಮಷೀನಿಗೆ ಹೋಗಬೇಕು, ಅಲ್ಲಿಂದ ಪಾಲಿಶ್‌ಗೆ, ಆಮೇಲೆ ನಿಕ್ಕಲ್ ಲೇಪಕ್ಕೆ. ಒಂದೊಂದಕ್ಕೂ ಬೇರೆ ವರ್ಕ್‌ಶಾಪ್, ಎಲ್ಲವೂ ಕೂಗಳತೆಯ ದೂರ. “ಬಾಜೂ ಹೋ ಭಾಯ್!” ಎಂದು ಅಡ್ಡ ನಿಂತ ಬೈಕಿನವನನ್ನು ಗದರಿಸಿ ಗಾಡಿ ಎಳೆದೇಬಿಡುತ್ತಾರೆ.

ಆಳಂದ ತಾಲೂಕಿನಿಂದ ಗಂಡ ಶಿವಪುತ್ರನ ಜೊತೆ ಬಂದಾಗ ಅವರಿಗೆ ಇಪ್ಪತ್ತೆರಡು. ಮೊದಲು ಗಾಡಿ ಎಳೆಯುತ್ತಿದ್ದವನು ಗಂಡ. ಅವನ ಸೊಂಟ ಹಿಡಿದು ಏಳಲಾಗದಂತಾದಾಗ ಇವರು ಹಿಡಿಕೆಗೆ ಕೈಹಾಕಿದರು. “ಹೆಂಗಸು ಗಾಡಿ ಎಳಿತಾಳಂತ ಗಲ್ಲಿ ತುಂಬ ನಕ್ಕರು. ನಕ್ಕೋರ ಮಾಲೂ ನಾನೇ ಎಳದೀನ್ರಿ.”

ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಇಪ್ಪತ್ತು ಸುತ್ತು, ಒಂದು ಸುತ್ತಿಗೆ ನೂರೈವತ್ತು ಕಿಲೊ. ಮೂವತ್ತು ವರ್ಕ್‌ಶಾಪ್‌ಗಳಲ್ಲಿ ಯಾರ ಮಷೀನ್ ಯಾವಾಗ ಖಾಲಿ, ಯಾರ ಕೈ ನಯ, ಯಾರದು ಅವಸರ, ಎಲ್ಲ ಬಾಯಿಪಾಠ.

ಹೋದ ವರ್ಷ ಗಲ್ಲಿಯನ್ನು ಉಳಿಸಿದ್ದು ಆ ಬಾಯಿಪಾಠವೇ. ಆರ್ಡರ್‌ಗಳೆಲ್ಲ ಊರಾಚೆಯ ದೊಡ್ಡ ಕಾರ್ಖಾನೆಯೊಂದಕ್ಕೆ ಹರಿದುಹೋಗಿ, ಲೇತ್ ಇಟ್ಟುಕೊಂಡಿದ್ದ ಸುಹಾಸ ಮಷೀನ್ ಮಾರಲು ಗಿರಾಕಿ ಹುಡುಕುತ್ತಿದ್ದ. ಆಗ ಬಂದವರು ಧನರಾಜ್; ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲ್ ಪಾತ್ರೆಗಳ ಅಂಗಡಿ. ಕಾಫಿ ಡ್ರಮ್ಮುಗಳಿಗೆಂದು ಆ ಕಾರ್ಖಾನೆ ಕಳಿಸಿದ ನಲ್ಲಿಗಳು ಸೋರುತ್ತಿದ್ದವು. ಬದಲಿ ಕೇಳಿದರೆ ಮೂರು ವಾರ ಎಂದಿದ್ದರು. ಇವರಿಗೆ ಆರೇ ದಿನದಲ್ಲಿ ಎಂಟುನೂರು ಬೇಕು.

ತನ್ನೊಬ್ಬನಿಂದಾಗದು ಎಂದು ಸುಹಾಸ ಕೈಚೆಲ್ಲಿದ. ಮೂಟೆ ಇಳಿಸುತ್ತಿದ್ದ ಇಂದ್ರಾಬಾಯಿ ತಿರುಗಿದರು. “ಇವನೊಬ್ಬನ ಕೈಲಿ ಆಗೂದಿಲ್ಲ ಖರೆ. ಗಲ್ಲಿ ಕೈಲಿ ಆಗ್ತದರಿ.”

“ಹೌದಾ ಅಮ್ಮ? ಆರು ದಿನದಲ್ಲಿ ಆಗ್ಲಿಕ್ಕುಂಟಾ?” ಧನರಾಜ್‌ಗೆ ನಂಬಿಕೆಯಿಲ್ಲ.

“ಐದ್ರಾಗ ಕೊಡ್ತೀವಿ. ಸೋರಿದ್ರ ನನ್ನ ಗಾಡಿನೇ ಒಯ್ರಿ.”

ಅಂದೇ ಬಾಗಿಲು ಬಾಗಿಲು ತಟ್ಟಿ ಏಳು ಲೇತ್ ಗೊತ್ತುಮಾಡಿದರು. ಒಂದು ಕಡೆ ಐವತ್ತು ಮುಗಿದರೆ ಅವು ಆ ಕ್ಷಣವೇ ಮುಂದಿನವನ ಕೈಗೆ. ಮೂರನೇ ದಿನ ಪಾಲಿಶ್‌ನವನ ಮೋಟಾರ್ ಸುಟ್ಟಿತು. ಸುಹಾಸ ತಲೆಯ ಮೇಲೆ ಕೈಹೊತ್ತು ಕೂತ. ಇಂದ್ರಾಬಾಯಿ ಎರಡು ಗಲ್ಲಿ ದಾಟಿ, ಮೋಟಾರ್ ರಿಪೇರಿಯ ಮೇಸ್ತ್ರಿಯನ್ನು ಹತ್ಯಾರು ಸಮೇತ ಗಾಡಿಯ ಮೇಲೆ ಕೂರಿಸಿಕೊಂಡು ಬಂದರು. ಸಂಜೆಗೆ ಪಾಲಿಶ್ ಚಕ್ರ ಮತ್ತೆ ತಿರುಗಿತು. ಬೇಕಾದ ಕೈಗಳೆಲ್ಲ ಅಕ್ಕಪಕ್ಕದಲ್ಲೇ ಇರುವ ಭಾಗ್ಯ ಯಾವ ದೊಡ್ಡ ಕಾರ್ಖಾನೆಗಿದೆ?

ಐದನೇ ದಿನ ಧನರಾಜ್ ಎದುರೇ ಒಂದೊಂದು ನಲ್ಲಿಗೂ ನೀರು ಬಿಟ್ಟು ನೋಡಿದರು. ಎಂಟುನೂರರಲ್ಲಿ ಒಂದೂ ತೊಟ್ಟಿಕ್ಕಲಿಲ್ಲ. ಗಲ್ಲಿಗೆ ಗಲ್ಲಿಯೇ ಸಿಳ್ಳೆ ಹೊಡೆಯಿತು, ಭಟ್ಟಿಯವನು ಪೇಢಾ ಹಂಚಿದ. ವರ್ಷದ ಆರ್ಡರ್ ಇಲ್ಲಿಗೇ ಬಂತು. ಸುಹಾಸ ಮಷೀನ್ ಮಾರುವುದು ಬಿಟ್ಟು ಎರಡನೆಯದನ್ನು ತಂದಿದ್ದಾನೆ. ಯಾರಿಗೆ ಎಷ್ಟು ಕೆಲಸ ಎಂದು ಹಂಚುವ ಅಧಿಕಾರವನ್ನು ಎಲ್ಲರೂ ಸೇರಿ ಇಂದ್ರಾಬಾಯಿಗೇ ಕೊಟ್ಟಿದ್ದಾರೆ.

ಮೊನ್ನೆ ಪುಣೆಯಿಂದ ಬಂದ ಖರೀದಿದಾರರೊಬ್ಬರು “ಫ್ಯಾಕ್ಟರಿ ಕಿಧರ್ ಹೈ?” ಎಂದು ಕೇಳಿದರಂತೆ. ಅದನ್ನು ಹೇಳುವಾಗ ಇಂದ್ರಾಬಾಯಿಗೆ ನಗು ತಡೆಯದು.

“ಈ ಭಟ್ಟಿಯಿಂದ ಆ ನಾಲಾ ತನಕ ಅಡ್ಡಾಡಿ ಬರ್ರಿ ಅಂದೆ. ಅವರು ಅಡ್ಡಾಡಿ, ಊಟಾ ಮಾಡಿ ಬರೂದ್ರಾಗ ಅವರ ಸ್ಯಾಂಪಲ್ ಕೈಯಾಗ ಇಟ್ಟೆ ನೋಡ್ರಿ.”